ಅಡಿಮರ

ಟಕ್... ಟಕ್... ಟಕ್...

ದೋಣಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಹಲಗೆಗಳ ಸಂದಿಗೆ ಹತ್ತಿ ತುಂಬುತ್ತಿದ್ದವಳ ಕಣ್ಣಿಗೆ ಒಣಗಿದ ಬಣ್ಣದ ಚಕ್ಕೆ ಉದುರಿತು.

"ಯಾರ್ರೀ ಅದು? ಕೈ ತೆಗೀರಿ ಮೊದ್ಲು!"

ಸದ್ದು ನಿಂತಿತು. ಅವಳು ಕಣ್ಣುಜ್ಜಿಕೊಳ್ಳುತ್ತಾ, ಮರದ ಕೊಡತಿ ಹಿಡಿದುಕೊಂಡೇ ಹೊರಗೆ ತೆವಳಿ ಬಂದಳು. ಎದುರಿಗೆ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಯುವಕ. ಅವನ ಕೈಯಲ್ಲೊಂದು ಪುಟ್ಟ ಸುತ್ತಿಗೆ!

"ಕ್ಷಮಿಸಿ... ಕೆಳಗೆ ಯಾರಾದ್ರೂ ಇರ್ತಾರೆ ಅಂತ ಗೊತ್ತಿರ್ಲಿಲ್ಲ."

"ಯಾರೂ ಇಲ್ದೆ ಇದ್ರೆ ಬೇರೆಯವರ ದೋಣಿಗೆ ಹೊಡೀಬಹುದಾ?"

"ಹೊಡೀಲಿಲ್ಲ, ತಟ್ಟಿದೆ. ಮರ ಗಟ್ಟಿಯಿದ್ರೆ ಒಂದು ಸದ್ದು, ಕೊಳೆತು ಲಡ್ಡಾಗಿದ್ರೆ ಇನ್ನೊಂದು. ನಾನು ಬಂದರು ಕಚೇರಿಗೆ ಹೊಸದಾಗಿ ಬಂದಿರೋ ಇನ್ಸ್‌ಪೆಕ್ಟರ್." ಅವನು ಸುತ್ತ ನೋಡಿದ. "ಯಜಮಾನ್ರು ಇದ್ದಾರಾ?"

"ಯಜಮಾನಿ ಇದ್ದಾಳೆ. ಸಾಕಾಗಲ್ವಾ?"

ಕೆಂಪಗಾದ ಒಂದು ಕಣ್ಣು, ಮೂಗಿನ ಮೇಲೆ ಎಣ್ಣೆಮಸಿ, ತಲೆ ತುಂಬ ಹತ್ತಿಯ ಎಳೆ... ಅವನು ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ನಕ್ಕುಬಿಟ್ಟ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಹೊರಟುಹೋದ ಮೇಲೂ ಆ ನಗು ಶೆಡ್ಡಿನಲ್ಲೇ ಉಳಿದುಬಿಟ್ಟಿತ್ತಲ್ಲ!

'ಥೂ... ಇದೇನಾಯ್ತು ನನಗೆ?'

ಆ ದೋಣಿಯನ್ನು ಊರಿನವರೆಲ್ಲ 'ಅಜ್ಜಿ' ಎಂದೇ ಕರೆಯುತ್ತಿದ್ದರು. ಅವಳ ಅಪ್ಪ ಹರೆಯದಲ್ಲಿ ಕಟ್ಟಿದ ಮೊದಲ ದೋಣಿ. ಎಷ್ಟೋ ವರ್ಷ ಜನರನ್ನು ಆಚೆ ದಡಕ್ಕೆ ದಾಟಿಸಿ, ಕಬ್ಬಿಣದ ದೋಣಿಗಳು ಬಂದ ಮೇಲೆ ದಡದಲ್ಲಿ ಬೋರಲು ಬಿದ್ದಿತ್ತು. ಅದನ್ನು ಮತ್ತೆ ನೀರಿಗಿಳಿಸಿ ಶಾಲೆಯ ಮಕ್ಕಳನ್ನು ಅದರಲ್ಲೇ ಕಳಿಸೋಣ ಎಂದು ಊರಿನವರು ಆಸೆಪಟ್ಟಾಗ ಅಪ್ಪನ ಮುಖ ಅರಳಿತ್ತು. ಕೈ ಮಾತ್ರ ನಡುಗುತ್ತಿತ್ತು. ಹಾಗಾಗಿ ಕೆಲಸವೆಲ್ಲ ಮಗಳ ಹೆಗಲಿಗೆ ಬಿತ್ತು.

"ಅಡಿಮರ ಒಂದು ನನಗೆ ಬಿಡು ಮಗಳೇ. ಅದನ್ನ ನಾನೇ ನೋಡ್ಕೋತೀನಿ," ಎಂದಿದ್ದರು ಅಪ್ಪ.

ಅಡಿಮರವೆಂದರೆ ದೋಣಿಯ ತಳದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಹಾಯುವ ಒಂದೇ ದೊಡ್ಡ ತೊಲೆ. ದೋಣಿಯ ಬೆನ್ನೆಲುಬು. ಉಳಿದದ್ದೆಲ್ಲ ಅದರ ಮೇಲೆ ನಿಲ್ಲಬೇಕು.

ಅವಳು ಮರು ಮಾತಾಡದೆ ಒಪ್ಪಿದ್ದಳು. ಅಮ್ಮ ಇಲ್ಲದ ಮನೆ. ಉಳಿ ಹಿಡಿಯುವುದರಿಂದ ಹಿಡಿದು ಜಡೆ ಹೆಣೆದುಕೊಳ್ಳುವವರೆಗೆ ಅಪ್ಪನೇ ಕಲಿಸಿದ್ದು. ಅಪ್ಪ ನೋಡಿಕೊಳ್ಳುತ್ತೇನೆ ಅಂದಮೇಲೆ ಮುಗಿಯಿತಲ್ಲ!

ಇನ್ಸ್‌ಪೆಕ್ಟರ್ ಆಗಾಗ ಬರತೊಡಗಿದ. ಮೊದಮೊದಲು ತಪಾಸಣೆಗೆ. ಆಮೇಲೆ ತಪಾಸಣೆಯ ನೆಪಕ್ಕೆ. ಕಡೆಕಡೆಗೆ ನೆಪ ಹುಡುಕುವುದನ್ನೂ ಬಿಟ್ಟ.

ಬಣ್ಣದ ಡಬ್ಬಿ ಬೋರಲು ಹಾಕಿಕೊಂಡು ಕೂತು, ಅಪ್ಪ ಕೊಟ್ಟ ಚಹಾ ಹೀರುತ್ತಾ ಅವಳ ಕೆಲಸ ನೋಡುತ್ತಿದ್ದ. "ಏನು ಸಾಹೇಬ್ರೇ, ಅಜ್ಜಿಗೆ ಹಲ್ಲು ಕಟ್ಟಿಸೋದು ಮುಗೀಲಿಲ್ವಾ?" ಎಂದು ದಾರಿಹೋಕರು ಛೇಡಿಸಿದರೆ, "ಇನ್ನೂ ದವಡೇಲೇ ಇದ್ದೀವಿ!" ಎಂದು ಅವನೇ ಉತ್ತರ ಕೊಡುತ್ತಿದ್ದ. ಹತ್ತಿ ತುಂಬಲು ಕಲಿಯಹೋಗಿ ಬೆರಳುಗಳನ್ನು ಅಂಟಿನಲ್ಲಿ ಸಿಕ್ಕಿಸಿಕೊಂಡ ದಿನ ಅವಳು ಹೊಟ್ಟೆ ಹಿಡಿದು ನಕ್ಕಿದ್ದಳು.

ಒಂದು ಮಧ್ಯಾಹ್ನ ಅವನ ಕೆನ್ನೆಗೆ ಹಸಿರು ಬಣ್ಣ ಸಿಡಿಯಿತು. ಒರೆಸಲು ಹೋದ ಅವಳ ಕೈ ಅಲ್ಲೇ ನಿಂತುಬಿಟ್ಟಿತು... ಅವನು ಮೆಲ್ಲಗೆ ಮಣಿಕಟ್ಟು ಹಿಡಿದ.

"ಬಿಡಿ... ಅಪ್ಪ ಬರ್ತಾರೆ."

"ಬರ್ಲಿ. ಅವರ ಹತ್ರಾನೂ ಮಾತಾಡೋದಿದೆ."

ಎದೆ ಹೊಡೆದುಕೊಳ್ಳುವ ಸದ್ದು ಅವನಿಗೆ ಕೇಳಿಸಿಬಿಟ್ಟರೆ ಎಂದು ಅವಳಿಗೆ ದಿಗಿಲಾಯಿತು!

ಕೆಲವು ದಿನಗಳ ನಂತರ ಅದು ನಡೆದೇಹೋಯಿತು. ಶೆಡ್ಡಿನ ಹಿಂದೆ ಅವನೂ ಅಪ್ಪನೂ ನಿಂತು ಮಾತಾಡುತ್ತಿದ್ದರು. ದೋಣಿಯ ಮೇಲಿಂದ ಹಿಂಬದಿಯ ಕಿಟಕಿಯಲ್ಲಿ ಇಣುಕಿದ ಅವಳಿಗೆ ಮಾತು ಕೇಳಿಸಲಿಲ್ಲ. ಕಾಣಿಸಿದ್ದಿಷ್ಟೇ. ಅವನು ತಲೆ ತಗ್ಗಿಸಿ ಏನೋ ಹೇಳಿದ. ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು ತಲೆಯಾಡಿಸಿದರು.

'ಒಪ್ಪಿದರು... ಅಪ್ಪ ಒಪ್ಪಿಬಿಟ್ಟರು!'

ಅಂದು ಸಂಜೆ ಅಪ್ಪ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಜ್ಜಿ ನೀರಿಗಿಳಿಯುವ ದಿನ ಹೇಳುತ್ತಾರೇನೋ ಎಂದುಕೊಂಡು ಒಳಗೊಳಗೇ ಕುಣಿದಳು.

ಆ ದಿನ ಬಂತು.

ದಡದ ತುಂಬ ಜನ. ಹಸಿರು ಬಳಿದುಕೊಂಡ ಅಜ್ಜಿ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದಳು. ಮೊದಲ ಸುತ್ತು ತಮ್ಮದೆಂದು ಶಾಲೆಯ ಮಕ್ಕಳು ಸಾಲುಗಟ್ಟಿ ನಿಂತು ಚಡಪಡಿಸುತ್ತಿದ್ದರು.

ಇನ್ಸ್‌ಪೆಕ್ಟರ್ ಬಂದ. ಅವಳತ್ತ ತಿರುಗಿಯೂ ನೋಡದೆ ನೇರ ಅಪ್ಪನ ಬಳಿ ಹೋಗಿ ಪಿಸುದನಿಯಲ್ಲಿ ಏನೋ ಕೇಳಿದ. ಅಪ್ಪ ಗಟ್ಟಿಯಾಗಿ ನಕ್ಕರು. "ಎಲ್ಲಾ ಸರಿಯಾಗಿದೆ, ಬನ್ನಿ ಬನ್ನಿ!"

ಅವನು ದೋಣಿಯ ಕೆಳಗೆ ನುಸುಳಿದ. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ದಯವಿಟ್ಟು ಎಲ್ಲರೂ ಕೇಳಿ. ಈ ದೋಣಿ ಇವತ್ತು ನೀರಿಗಿಳಿಯೋ ಹಾಗಿಲ್ಲ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಂದೇ ಗದ್ದಲ!

ಅವಳು ಜನರನ್ನು ಸರಿಸಿಕೊಂಡು ಅವನೆದುರು ನಿಂತಳು. "ಏನು ತೊಂದ್ರೆ? ಯಾವ ಹಲಗೆ ಸರಿಯಿಲ್ಲ, ತೋರ್ಸಿ."

"ಹಲಗೆ ಅಲ್ಲ... ಅಡಿಮರ. ಒಳಗೆ ಕೊಳೆತಿದೆ."

"ಅಡಿಮರಾನ ನಮ್ಮಪ್ಪ ನೋಡಿದ್ದಾರೆ! ನೀವು ಹುಟ್ಟೋಕೆ ಮುಂಚೆ ದೋಣಿ ಕಟ್ಟಿದ ಕೈ ಅದು. ಅದರ ಮೇಲೆ ಅನುಮಾನಾನಾ?"

ಅವನು ಬೆರಗಾಗಿ ಅವಳನ್ನು ನೋಡಿದ. "ಅಂದ್ರೆ... ನಿಮಗೆ ಗೊತ್ತೇ ಇಲ್ವಾ?"

ಅವನ ನೋಟ ಅಪ್ಪನ ಕಡೆ ಹೊರಳಿತು. ಅಪ್ಪ ತಲೆ ತಗ್ಗಿಸಿದರು.

ಪಾಪ, ಇಷ್ಟು ಜನರೆದುರು ಅವಮಾನವಾಗಿ ಅಪ್ಪ ತಲೆ ತಗ್ಗಿಸಿದರು ಎಂದೇ ಅವಳು ತಿಳಿದಳು. ಅವಳ ಕಣ್ಣಲ್ಲಿ ನೀರು ಬುಗ್ಗೆಯಾಗಿ ಬಂತು.

"ಇಷ್ಟು ದಿನ ನಮ್ಮ ಮನೆ ಚಹಾ ಕುಡ್ಕೊಂಡು, ನಮ್ಮ ಜೊತೆ ನಕ್ಕೊಂಡು... ಇವತ್ತು ಊರವರ ಮುಂದೆ ನಮ್ಮ ಕತ್ತು ಕುಯ್ಯೋಕೆ ಕಾಯ್ತಿದ್ರಾ? ಮೊದ್ಲೇ ಹೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?"

ಅವನು ಬಾಯಿ ತೆರೆದ. ಅಪ್ಪನನ್ನು ನೋಡಿ ಮುಚ್ಚಿಕೊಂಡ.

"ಹೋಗಿ. ಇನ್ನೊಂದ್ಸಲ ಈ ಶೆಡ್ಡಿಗೆ ಕಾಲಿಡ್ಬೇಡಿ!"

ಅವನು ಹೋದ. ಜನ ಚದುರಿದರು. ಮಕ್ಕಳು ಅಳುಮೋರೆ ಹಾಕಿಕೊಂಡು ಟೀಚರ್ ಹಿಂದೆ ನಡೆದರು. ದಡ ಬಿಕೋ ಎಂದಿತು.

ಅವಳ ಸಿಟ್ಟು ಇಳಿಯಲಿಲ್ಲ. ಅವನು ಹೇಳಿದ್ದು ಸುಳ್ಳೆಂದು ತೋರಿಸಲೇಬೇಕು! ಉಳಿ, ಕೊಡತಿ ಎತ್ತಿಕೊಂಡು ದೋಣಿಯ ಕೆಳಗೆ ನುಗ್ಗಿದಳು.

"ಬೇಡ ಮಗಳೇ... ಬೆಳಗ್ಗಿಂದ ಏನೂ ತಿಂದಿಲ್ಲ. ಬಾ, ಊಟ ಮಾಡು," ಎಂದರು ಅಪ್ಪ.

ಆ ದನಿ! ಅಪ್ಪ ಎಂದೂ ಹೀಗೆ ಬೇಡಿಕೊಂಡಿರಲಿಲ್ಲ. ಆದರೂ ಉಳಿಯನ್ನು ಅಡಿಮರಕ್ಕೆ ಒತ್ತಿದಳು. ಕೊಡತಿಯ ಏಟು ಬೇಕಾಗಲೇ ಇಲ್ಲ. ಬಣ್ಣ ಬಿರುಕುಬಿಟ್ಟು ಉಳಿ ಒಳಗೆ ಹೂತುಹೋಯಿತು. ಎಳೆದಾಗ ಅಂಟಿನಲ್ಲಿ ಕಲಸಿದ ಮರದ ಪುಡಿಯ ಹೆಂಟೆ ಕಿತ್ತುಬಂತು. ಅದರ ಹಿಂದೆಯೇ ಕಪ್ಪಗೆ ಕೊಳೆತ ಮರ ಒದ್ದೆ ಮಣ್ಣಿನಂತೆ ಅವಳ ಎದೆಯ ಮೇಲೆ ಸುರಿಯಿತು.

ಅವಳು ಹೊರಗೆ ಬಂದಳು. ಅಂಗೈ ತೆರೆದು ಅಪ್ಪನ ಮುಂದೆ ಹಿಡಿದಳು.

"ಯಾವಾಗ ತುಂಬಿದ್ರಿ ಇದನ್ನ?"

"...ನೀನು ಮರ ಆರಿಸೋಕೆ ಊರಾಚೆ ಹೋಗಿದ್ಯಲ್ಲ... ಆಗ."

"ಅವರಿಗೆ ಹೇಗೆ ಗೊತ್ತಾಯ್ತು?"

"ತಟ್ಟಿ ನೋಡಿ ಕಂಡುಹಿಡಿದ. ಶೆಡ್ಡಿನ ಹಿಂದೆ ಕರ್ಕೊಂಡು ಹೋಗಿ ಹೇಳಿದ. ಮಗಳಿಗೆ ನಾನೇ ಹೇಳ್ತೀನಿ, ಬಿಚ್ಚಿ ಸರಿ ಮಾಡ್ತೀವಿ ಅಂತ ಮಾತು ಕೊಟ್ಟೆ. ನಂಬಿ ಬೇರೆ ಬಂದರಿನ ತಪಾಸಣೆಗೆ ಹೋದ, ಇವತ್ತೇ ವಾಪಸ್ ಬಂದಿದ್ದು."

ಶೆಡ್ಡಿನ ಹಿಂದೆ... ಹೆಗಲ ಮೇಲಿನ ಕೈ... ಅದು ಇದಕ್ಕಾಗಿತ್ತೇ? ತಾನು ಹುಚ್ಚಿಯ ಹಾಗೆ ಮದುವೆಯ ಕನಸು ಕಂಡಿದ್ದು ಇದನ್ನು ನೋಡಿಯೇ? ನಾಚಿಕೆಯೂ ನೋವೂ ಒಟ್ಟಿಗೇ ನುಗ್ಗಿ ಬಂದವು.

"ಮಕ್ಕಳು ಕೂರ್ತಿದ್ರು ಅಪ್ಪಾ..."

ಅಪ್ಪ ಕುಸಿದು ಕೂತರು. "ಹಲಗೆ ಎಲ್ಲಾ ನೀನು ಬದಲಾಯಿಸಿದೆ. ಪಕ್ಕೆಮರಾನೂ ಹೊಸದು. ಅಡಿಮರಾನೂ ತೆಗೆದ್ರೆ ನಾನು ಕಟ್ಟಿದ್ದು ಅಂತ ಏನು ಉಳಿಯುತ್ತೆ ಅದರಲ್ಲಿ? ದಡದ ಹತ್ರಾನೇ ಓಡಾಡುತ್ತೆ, ಏನಾಗಲ್ಲ ಅಂತ... ನನಗೆ ನಾನೇ ಹೇಳ್ಕೊಂಡೆ."

"ನನಗೆ ಹೇಳ್ಬೇಕಿತ್ತು."

"ನಿನ್ನ ಕಣ್ಣಲ್ಲಿ ಸಣ್ಣವನಾಗ್ತೀನಿ ಅಂತ..."

"ಈಗ?"

ಅವಳು ಬೆನ್ನು ತಿರುಗಿಸಿ ಕೂತಳು. ಬೇರೆ ಯಾರು ಮೋಸ ಮಾಡಿದ್ದರೂ ಓಡಿಬಂದು ಅಪ್ಪನ ಮಡಿಲಲ್ಲಿ ಅಳುತ್ತಿದ್ದಳು. ಅಪ್ಪನೇ ಮಾಡಿದರೆ ಯಾರ ಬಳಿ ಹೋಗಿ ಅಳುವುದು?

ಮರುದಿನ ಬಂದರು ಕಚೇರಿಯ ಬಾಗಿಲಲ್ಲಿ ಅವಳು ನಿಂತಾಗ ಅವನು ಗಡಬಡಿಸಿ ಎದ್ದ.

"ಕ್ಷಮೆ ಕೇಳೋಕೆ ಬಂದೆ," ಎಂದಳು. "ನಿನ್ನೆ ನಿಮ್ಮನ್ನ ಬೈದಿದ್ದು ತಪ್ಪು. ನೀವು ಮಕ್ಕಳನ್ನ ಉಳಿಸಿದ್ರಿ."

"ಅಯ್ಯೋ, ಅದಕ್ಕೆಲ್ಲಾ..."

"ಮುಗೀಲಿಲ್ಲ. ಜಗಳಕ್ಕೂ ಬಂದಿದ್ದೀನಿ. ಅಜ್ಜಿಯ ಕೆಲಸ ಮಾಡ್ತಿದ್ದಿದ್ದು ಯಾರು?"

"ನೀವು."

"ಹಾಗಿದ್ಮೇಲೆ ಕೊಳೆತಿದೆ ಅಂತ ಹೇಳ್ಬೇಕಾಗಿದ್ದು ಯಾರಿಗೆ?"

ಅವನು ಮೇಜಿನ ಮೇಲಿದ್ದ ಕಾಗದಗಳನ್ನು ಸರಿಸಿದ.

"ಅಪ್ಪನಿಗೆ ಹೇಳಿದ್ರಿ. ಅವತ್ತೂ ನನ್ನ ಪಕ್ಕದಲ್ಲೇ ಡಬ್ಬಿ ಮೇಲೆ ಕೂತು ಚಹಾ ಕುಡಿದ್ರಿ, ನನಗೆ ಹೇಳ್ಲಿಲ್ಲ!"

"ಅವರೇ ಹೇಳಿದ್ರೆ ಅವರ ಮರ್ಯಾದೆ ಉಳಿಯುತ್ತೆ ಅನ್ನಿಸ್ತು," ಎಂದ. ಮತ್ತೆ ತಾನೇ ತಿದ್ದಿಕೊಂಡ. "ಅದು ಅರ್ಧ ಸತ್ಯ. ನಿಮ್ಮಪ್ಪನ ತಪ್ಪು ನನ್ನ ಬಾಯಿಂದ ಬಂದ್ರೆ ನೀವು ಆಮೇಲೆ ನನ್ನ ಮುಖ ನೋಡ್ತಿರ್ಲಿಲ್ಲ. ಹೆದರ್ದೆ."

"ಇಬ್ರೂ ಹೆದರಿದ್ರಿ. ಇಬ್ರೂ ಸೇರಿ ನನ್ನನ್ನ ಏನೂ ತಿಳೀದ ಕೂಸು ಮಾಡಿಬಿಟ್ರಿ." ಅವಳು ಮೆಟ್ಟಿಲ ಕಡೆ ತಿರುಗಿದಳು. "ನಾನು ನಂಬಿದ್ದೇ ಇಬ್ರನ್ನ..."

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಆಮೇಲೆ ಅವಳು ಅಜ್ಜಿಯನ್ನು ಮತ್ತೆ ಶೆಡ್ಡಿಗೆ ಎಳೆಸಿ ಬಿಚ್ಚತೊಡಗಿದಳು. ತಾನೇ ತುಂಬಿದ ಹತ್ತಿಯನ್ನು ತಾನೇ ಕಿತ್ತು, ತಾನೇ ಬಡಿದ ಮೊಳೆಗಳನ್ನು ತಾನೇ ಹಿರಿದು... ಪ್ರತಿ ಮೊಳೆಗೂ ಎದೆಯೊಳಗೆ ಏನೋ ಕಿತ್ತಂತಾಗುತ್ತಿತ್ತು. ಅಪ್ಪ ಶೆಡ್ಡಿನ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು. ಮಾತಿಲ್ಲ.

ಒಂದು ದಿನ ಅವಳು ಅಡಿಮರದ ಕೊನೆಯ ಬೋಲ್ಟಿಗೆ ಕೈಹಾಕಿದಾಗ ಅಪ್ಪ ಕೂತಲ್ಲಿಂದಲೇ ಕೂಗಿದರು. "ನಿಲ್ಲು! ಮೊದ್ಲು ಎರಡೂ ಪಕ್ಕೆಗೆ ಆಸರೆ ಕೊಡು. ಇಲ್ಲಾಂದ್ರೆ ಹಲಗೆ ಎಲ್ಲಾ ಬಾಯಿ ಬಿಡುತ್ತೆ."

ಅವಳು ಸುಮ್ಮನೆ ಆಸರೆಯ ಕಂಬ ತಂದಳು.

"ಇನ್ನೊಂಚೂರು ಹಿಂದಕ್ಕೆ... ಹಾಂ. ಈಗ ತೆಗಿ." ಅಪ್ಪನ ದನಿ ಒಡೆಯಿತು. "ನಾನೇ ಹೇಳ್ತಿದ್ದೀನಿ ಮಗಳೇ. ತೆಗಿ ಅದನ್ನ."

ಕೊಳೆತ ತೊಲೆ ನೆಲಕ್ಕೆ ಬಿತ್ತು. ಅಪ್ಪ ಎದ್ದು ಬಂದು ಅದನ್ನೊಮ್ಮೆ ಸವರಿದರು.

"ಹೊಸದಕ್ಕೆ ಅಳತೆ ನೀವೇ ಹಾಕಿ," ಎಂದಳು ಅವಳು, ಬೇರೆಲ್ಲೋ ನೋಡುತ್ತಾ. "...ಅಪ್ಪಾ."

ನೋವು ಮುಗಿದಿರಲಿಲ್ಲ. ಆದರೂ ಅಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಂಡರು.

ಹೊಸ ತೊಲೆಯನ್ನು ಜಾಗಕ್ಕೆ ಏರಿಸುವ ದಿನ ಕಚೇರಿಗೆ ರಜೆ. ಹಳೇ ಅಂಗಿ ತೊಟ್ಟ ಇನ್ಸ್‌ಪೆಕ್ಟರ್ ಶೆಡ್ಡಿನ ಹೊಸ್ತಿಲಾಚೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಅಪ್ಪ "ಬಾಪ್ಪಾ" ಎಂದರೂ ಕದಲಲಿಲ್ಲ.

"ನಿಮ್ಮ ಹತ್ರಾನೇ ಒಂದು ಮಾತು ಹೇಳ್ಬೇಕು," ಎಂದ ಅವಳಿಗೆ.

"ಅಲ್ಲಿಂದಾನೇ ಹೇಳಿ."

"ಎಡಗಡೆ, ಚುಕ್ಕಾಣಿ ಪಕ್ಕದ ಹಲಗೆ... ಮೊಳೆ ಹೊಡೆದ ಕಡೆ ಸೀಳಿದೆ. ನೀವು ಕೂರಿಸಿದ ಹಲಗೆ. ಅದು ನಿಮ್ಮ ತಪ್ಪು."

ಅವಳು ಕೊಡತಿ ಕೆಳಗಿಟ್ಟು ಹೋಗಿ ಬಗ್ಗಿ ನೋಡಿದಳು. ಹೌದು. ಕೂದಲೆಳೆಯಷ್ಟು ಸೀಳು!

"ಯಾವಾಗ ನೋಡಿದ್ರಿ?"

"ನಿನ್ನೆ, ದಡದ ಮೇಲೆ ಹೋಗ್ತಾ ಬಾಗಿಲಲ್ಲಿ ಬಗ್ಗಿ ನೋಡ್ದಾಗ. ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ. ಬೈಸ್ಕೊಂಡ್ರೂ ಸರಿ ಅಂತ ಬಂದೆ."

ಎಷ್ಟೋ ದಿನಗಳ ನಂತರ ಅವಳಿಗೆ ನಗು ಬಂತು. ಜೊತೆಗೇ ಅಳುವೂ. ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು. "ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ."

"ಹೇಳಿಬಿಡಿ."

"ನಾನು ನಿಮ್ಮನ್ನ... ತುಂಬಾ ಪ್ರೀತಿಸ್ತೀನಿ."

"ಇದನ್ನ ಮುಚ್ಚಿಟ್ಟಿದ್ದೆ ಅನ್ಕೊಂಡಿದ್ದೀರಾ? ಇಡೀ ಬಂದರಿಗೇ ಗೊತ್ತು!"

"ನಿಮಗೆ?"

"ನನಗೆ ಮಾತ್ರ ಯಾರೂ ನೇರವಾಗಿ ಹೇಳಿರ್ಲಿಲ್ಲ."

ಅಪ್ಪ ಕೆಮ್ಮಿ, ಹಗ್ಗ ಹುಡುಕುವವರಂತೆ ಹೊರಗೆ ನಡೆದರು. ಹಗ್ಗ ಅವರ ಹೆಗಲ ಮೇಲೆಯೇ ಇತ್ತು.

ಅವಳು ಹೊಸ ತೊಲೆಯ ಒಂದು ತುದಿಗೆ ಹೋದಳು. "ಇನ್ನೂ ಸ್ವಲ್ಪ ಸಿಟ್ಟಿದೆ ನನಗೆ."

"ಇರ್ಲಿ. ನಾನು ಇರ್ತೀನಿ."

"ಹಾಗಿದ್ರೆ ಒಳಗೆ ಬಾ. ಆ ತುದಿ ಹಿಡ್ಕೋ."

ಅವನು ಹೊಸ್ತಿಲ ಮೇಲೆಯೇ ನಿಂತುಬಿಟ್ಟ. "ಏನಂದ್ರಿ?"

"ಹಿಡ್ಕೋ ಅಂದೆ." ಅವಳ ಕೆನ್ನೆ ಕೆಂಪಾಯಿತು. "ತುಂಬಾ ಭಾರ ಇದೆ. ಅರ್ಧದಲ್ಲಿ ಬಿಟ್ಟುಬಿಡ್ಬೇಡ."

ಅವನು ಒಳಗೆ ಬಂದು, ಅಂಗಿಯ ತೋಳು ಮಡಚಿ, ಬಗ್ಗಿ ಆ ತುದಿ ಹಿಡಿದ.

"ಬಿಡಲ್ಲ ಕಣೇ."