ಹೊಸ್ತಿಲ ಮೇಲೆ ನಿಂತ ನಾಯಕಿ

ಆ ಮಧ್ಯಾಹ್ನ ಜಗತ್ತಿನ ಮುಂದಿದ್ದ ಅತಿ ಗಂಭೀರ ಪ್ರಶ್ನೆಯೆಂದರೆ, ಕಥಾನಾಯಕಿ ತೆರೆದಾಗ ಬಾಗಿಲು ಕಿರುಗುಟ್ಟಬೇಕೋ ಸುಮ್ಮನಿರಬೇಕೋ ಎಂಬುದು. ನಿನ್ನೆ ಅದು ಕಿರುಗುಟ್ಟಿತ್ತು. ಮೊನ್ನೆ ಸುಮ್ಮನಿತ್ತು. ಅದರ ಹಿಂದಿನ ವಾರ ಬಾಗಿಲೇ ಇರಲಿಲ್ಲ, ಪರದೆಯಿತ್ತು.

"ಕಿರುಗುಟ್ಟೋದು ಬೇಡ, ತೆಗೆದುಬಿಡಿ," ಎಂದ ಪ್ರೂಫ್ ರೀಡರ್.

ಡಿಟಿಪಿ ಮಾಡುವವಳು ಕೀಬೋರ್ಡಿನಿಂದ ಕೈ ಎತ್ತಿ, ಕತ್ತು ಮಾತ್ರ ತಿರುಗಿಸಿ ನೋಡಿದಳು. "ಪಾಪ ರೀ, ಅವಳನ್ನ ಒಳಗೆ ಕರೀರಿ. ಹೊಸ್ತಿಲ ಮೇಲೆ ನಿಂತು ನಿಂತು ಕಾಲು ಬಾತಿರತ್ತೆ."

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು 'ಅಣ್ಣ' ಎನ್ನುತ್ತಿದ್ದರು, ಮೆಷಿನ್ ಓಡಿಸುವ ಅಜ್ಜನೂ ಸೇರಿ. ಇವಳೊಬ್ಬಳು ಮಾತ್ರ ಬಂದ ದಿನದಿಂದಲೂ 'ರೀ' ಎನ್ನುತ್ತಿದ್ದಳು. ಅದಕ್ಕೆ ಏನಾದರೂ ಅರ್ಥವಿದೆಯೇ ಎಂದು ಅವನು ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ. ಕೇಳುವ ಧೈರ್ಯವಿರಲಿಲ್ಲ.

ಊರವರ ತಪ್ಪನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೆಕ್ಕುವುದು ಅವನ ಹೊಟ್ಟೆಪಾಡು. ಆ ಚಾಳಿ ಅವನ ಸ್ವಂತ ಕಾದಂಬರಿಯನ್ನೂ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಅವನು ಹೇಳುವುದು, ಅವಳು ಟೈಪ್ ಮಾಡುವುದು ಎಂದು ಒಪ್ಪಂದವಾಗಿತ್ತು. ಅವನು ಒಂದು ಸಾಲು ಹೇಳುತ್ತಿದ್ದ, ಸ್ಕ್ರೀನ್ ನೋಡುತ್ತಿದ್ದ, ಮುಖ ಹುಳ್ಳಗೆ ಮಾಡಿಕೊಂಡು ಅಳಿಸಿ ಎನ್ನುತ್ತಿದ್ದ. ಕಥೆ ಗಾಣದ ಎತ್ತಿನ ಹಾಗೆ ದಿನವೂ ನಡೆದು ಅಲ್ಲೇ ಇರುತ್ತಿತ್ತು.

"ಒಂದು ವಿಷಯ," ಎಂದಳು ಅವಳು, ಊಟದ ಡಬ್ಬಿಯ ಮುಚ್ಚಳ ಒತ್ತುತ್ತ. "ತಿಂಗಳ ಕೊನೆಗೆ ನಾನು ಇಲ್ಲಿ ಬಿಡ್ತೀನಿ. ಅಕ್ಕನ ಊರಲ್ಲಿ ಕೆಲಸ ಸಿಕ್ಕಿದೆ. ಹೂಂ ಅಂದುಬಿಟ್ಟೆ."

ಅವನಿಗೆ ಹೇಳಲು ಬಹಳ ಇತ್ತು. ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟಿದ, ಚೆನ್ನಾಗಿಲ್ಲವೆನಿಸಿ ಕೆಡವಿದ, ಇನ್ನೊಂದು ಕಟ್ಟಿದ. ಕೊನೆಗೆ ಹೊರಬಿದ್ದದ್ದು, "ಓ. ಸಂಬಳ ಪರವಾಗಿಲ್ವಾ?"

ಅವಳು ಅವನನ್ನೇ ನೋಡಿದಳು. ಕಣ್ಣಂಚಿಗೆ ಬಂದ ನಗು ತುಟಿಯ ತನಕ ಇಳಿಯದೆ ಅಲ್ಲೇ ಆರಿತು.

"ಪರವಾಗಿಲ್ಲ," ಎಂದು ಸ್ಕ್ರೀನನ್ನು ಪೂರ್ತಿ ತನ್ನ ಕಡೆ ತಿರುಗಿಸಿಕೊಂಡಳು. "ಅಷ್ಟರೊಳಗೆ ನಿಮ್ಮ ಕಥೆ ಮುಗಿಸೋಣ. ನೀವು ಆ ಗೋಡೆ ನೋಡ್ಕೊಂಡು ಹೇಳಿ. ನಾನು ಏನನ್ನೂ ಅಳಿಸಲ್ಲ, ಓದಿ ತೋರಿಸೋದೂ ಇಲ್ಲ."

"ತಪ್ಪಾದ್ರೆ?"

"ಆಗ್ಲಿ. ತಪ್ಪು ಹುಡುಕೋದೇ ನಿಮ್ಮ ಕೆಲಸ ಅಲ್ವಾ, ಆಮೇಲೆ ಹುಡುಕ್ಕೊಳ್ಳಿ."

ಮೊದಲ ದಿನ ಅವನ ಬೆನ್ನೆಲ್ಲ ಬೆವರು. ಹೇಳಿಬಿಟ್ಟ ಸಾಲು ಸಂತೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ ಹಿಂದಿನಿಂದ ಕೂಗುತ್ತಿತ್ತು, ತಿರುಗುವಂತಿರಲಿಲ್ಲ. ವಿಧಿಯಿಲ್ಲದೆ ಮುಂದಕ್ಕೆ ಹೋದ. ನಾಯಕಿ ಒಳಗೆ ಬಂದಳು, ಕೂತಳು, ಜಗಳವಾಡಿದಳು. ಎರಡನೇ ವಾರಕ್ಕೆ ಅವಳ ತಮ್ಮ ಚಿಕ್ಕಪ್ಪನಾಗಿದ್ದ. ತೀರಿಕೊಂಡಿದ್ದ ಸೋದರಮಾವ ಬಂದು ಕಾಫಿ ಕೇಳಿದ.

"ಇವರು ಹೋಗಿಬಿಟ್ರಲ್ಲ ರೀ?" ನಗು ತಡೆದ ದನಿ ಬೆನ್ನ ಹಿಂದೆ.

"ಬಂದಿದ್ದಾರೆ. ಕೊಟ್ಟು ಕಳಿಸಿ."

ನಗುವಾಗ ಅವಳು ಬಾಯಿಗೆ ಮುಂಗೈ ಒತ್ತುತ್ತಾಳೆ, ಎಡಗಣ್ಣು ಬಲಗಣ್ಣಿಗಿಂತ ತುಸು ಮೊದಲು ಮುಚ್ಚುತ್ತದೆ. ಅದನ್ನು ಕಾಣಲು ಅವನು ತಿರುಗಬೇಕಿರಲಿಲ್ಲ. ಸುಣ್ಣ ಎದ್ದ ಗೋಡೆಯನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಾರರು.

ಕೊನೆಯ ದಿನ, ಕೊನೆಯ ಅಧ್ಯಾಯ. ನಾಯಕಿ ರೈಲು ಹತ್ತಿ ಕೂತಿದ್ದಾಳೆ. ನಾಯಕ ಕಿಟಕಿಯ ಸರಳು ಹಿಡಿದು ನಿಂತಿದ್ದಾನೆ.

"ಹೇಳಿ," ಎಂದಳು.

ಅವನು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ.

"ಏನಾದ್ರೂ ಹೇಳ್ತಾನಾ, ಇಲ್ಲಾ ರೈಲು ಬಿಡ್ಲಾ?"

"ನೀವು ಹೋದ್ರೆ ನನಗೆ ಊಟ ಸೇರಲ್ಲ," ಎಂದ. ಆಡಿದ ಮಾತು ಕಿವಿಗೆ ಬೀಳುತ್ತಲೇ ಅವನ ಮೈ ಉರಿಯಿತು. ಇಷ್ಟು ಸಪ್ಪೆ ಸಾಲನ್ನು ಬೇರೆ ಯಾರಾದರೂ ಬರೆದಿದ್ದರೆ ಅಡ್ಡಗೀಟು ಎಳೆಯುತ್ತಿದ್ದ. ಮುಂದಿನದು ಅವನನ್ನು ಕೇಳದೆಯೇ ಬಂತು. "ಟೈಪ್ ಮಾಡೋರು ಇರಲ್ಲ ಅಂತಲ್ಲ. ನೀವು ಇರಲ್ಲ ಅಂತ. ಇದನ್ನ ಎರಡು ವರ್ಷದಿಂದ ಮನಸ್ಸಲ್ಲೇ ತಿದ್ದುತಾ ಇದೀನಿ. ಒಂದು ಸಲಾನೂ ಸರಿಯಾಗಿ ಬರಲಿಲ್ಲ."

ಕೀಬೋರ್ಡಿನ ಸದ್ದು ನಿಂತಿತ್ತು. ಯಾವಾಗ ನಿಂತಿತೋ ತಿಳಿಯದು. ಅವನು ತಿರುಗಿದ.

ಅವಳ ಕಣ್ಣು ತುಂಬಿತ್ತು, ಅರ್ಧಕ್ಕರ್ಧ ಸಿಟ್ಟಿನಿಂದ. "ನಾನು ಹೂಂ ಅನ್ನೋ ಮುಂಚೆ ಹೇಳೋಕೆ ನಿಮಗೇನು ದಾಡಿಯಾಗಿತ್ತು? ಈಗ ಅಕ್ಕನಿಗೆ ದಿನ ತುಂಬಿದೆ. ನಾನು ಬರ್ತೀನಿ ಅಂತ ನಂಬ್ಕೊಂಡು ಕೂತಿದ್ದಾಳೆ. ಇಲ್ಲ ಅನ್ನೋಕೆ ಆಗಲ್ಲ ರೀ."

"ಗೊತ್ತು."

"ಏನು ಗೊತ್ತು ನಿಮಗೆ."

ನಿಜಕ್ಕೂ ಏನೂ ಗೊತ್ತಿರಲಿಲ್ಲ. ಕೈ ಎಲ್ಲಿಡಬೇಕೆಂದೂ ತೋಚದೆ ಅವನು ಮೇಜಿನ ಅಂಚು ಹಿಡಿದುಕೊಂಡ. ಅವಳು ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಕೀಲಿಗಳ ಮೇಲೆ ಓಡಾಡಿ ಬೆಚ್ಚಗಿದ್ದ ಬೆರಳುಗಳು.

"ಅಲ್ಲೂ ಪ್ರೆಸ್ಸುಗಳಿವೆಯಂತೆ," ಎಂದಳು, ಎತ್ತಲೋ ನೋಡುತ್ತ. "ತಪ್ಪು ಮಾಡೋರು ಎಲ್ಲಾ ಊರಲ್ಲೂ ಇರ್ತಾರೆ."

ಅವಳು ಮರುದಿನ ಹೋದಳು. ಮಳೆಗಾಲ ಮುಗಿದ ಮೇಲೆ ಅವನೂ ಅದೇ ಊರಿಗೆ ಹೋದ. ಕಾದಂಬರಿ ಪೂರ್ತಿಯಾಗಿದೆ, ಅಷ್ಟೇನೂ ಚೆನ್ನಾಗಿಲ್ಲ.