ಸೋಪು ಹಾಕಿ ತಿಕ್ಕಿದ ಟ್ರೇಗಳು

ಸೊರಾನಾಳ ಸಿಟ್ಟು ನೆತ್ತಿಗೇರಿತ್ತು. ತನ್ನ ಊರು ತಿಮಿಶ್ವಾರಾದಿಂದ ಅರಾದ್‌ವರೆಗೆ ದಾರಿಯುದ್ದಕ್ಕೂ ಒಬ್ಬನನ್ನೇ ಬೈದುಕೊಳ್ಳುತ್ತ ಕಾರು ಓಡಿಸಿದ್ದಳು. ಅವನು ಒಕ್ತಾವ್, ಅರಾದ್ ಕಾರ್ಖಾನೆಯ ಗೋದಾಮು ನೋಡಿಕೊಳ್ಳುವವನು. ಚಳಿಗಾಲವಿಡೀ ಫೋನಿನಲ್ಲಿ ಜಗಳವಾಡಿದ್ದರೂ ಮುಖ ಕಂಡಿರಲಿಲ್ಲ.

ಅವಳ ಕಾರ್ಖಾನೆ ಸರ್ಕ್ಯೂಟ್ ಬೋರ್ಡುಗಳನ್ನು ಮಾಡಿ ಅರಾದ್‌ಗೆ ಕಳಿಸುತ್ತಿತ್ತು. ಮೊದಲೆಲ್ಲ ಪ್ರತಿ ಬೋರ್ಡಿಗೂ ಸ್ಪಂಜಿನ ಹೊದಿಕೆ, ಬಿಚ್ಚಿದ ಕೂಡಲೇ ಅದು ಕಸ. ಆ ಕಸದ ಗುಡ್ಡ ನೋಡಲಾರದೆ, ಮೇಲಿನವರ ಹತ್ತಿರ ಹಟ ಹಿಡಿದು, ಹೋಗಿ ಮರಳಿ ಬರುವ ಪ್ಲಾಸ್ಟಿಕ್ ಟ್ರೇ ತರಿಸಿದವಳು ಸೊರಾನಾ. ಟ್ರೇಗಳು ಹೋದವು, ಒಂದೂ ಮರಳಲಿಲ್ಲ. ನಾಳೆಯೊಳಗೆ ಬರದಿದ್ದರೆ ಮತ್ತೆ ಸ್ಪಂಜೇ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ.

ಗೋದಾಮಿನ ಅಂಗಳದಲ್ಲಿ ಟ್ರೇಗಳು ಬಿಸಿಲಿಗೆ ಒಣಗುತ್ತಿದ್ದವು. ನಡುವೆ ಒದ್ದೆ ಬ್ರಷ್ ಹಿಡಿದು ನಿಂತಿದ್ದವನೇ ಒಕ್ತಾವ್. ಹಾಳಾದವನು ನೋಡಲು ಬೇರೆ ಚೆನ್ನಾಗಿದ್ದ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಅವನು ಏನನ್ನೂ ಮುಚ್ಚಿಡಲಿಲ್ಲ. ಪ್ಯಾಕಿಂಗ್ ಅಂದಮೇಲೆ ಬಿಸಾಡುವುದೇ ಎಂದು ನಂಬಿದ್ದ ಕೆಲಸದವರು ಟ್ರೇಗಳನ್ನು ಮನೆಗೆ ಒಯ್ದಿದ್ದರು. ಸಸಿ ಮಾಡುವ ಮಾರ್ಚ್ ತಿಂಗಳು, ಟ್ರೇಯ ಗುಳಿಗುಳಿಯಲ್ಲೂ ದಪ್ಪಮೆಣಸಿನ ಸಸಿ. ಇವನು ಮನೆಮನೆ ಅಲೆದು, ಅಜ್ಜಿಯರ ಬೈಗುಳ ತಿಂದು, ಸಸಿಗಳನ್ನು ಮೊಸರಿನ ಡಬ್ಬಿಗಳಿಗೆ ನೆಟ್ಟುಕೊಟ್ಟು ಟ್ರೇಗಳನ್ನು ಬಿಡಿಸಿ ತಂದಿದ್ದ.

"ಸೋಪು ಹಾಕಿ ತಿಕ್ಕಿದೀನಿ, ಮುಖ ನೋಡ್ಕೋಬಹುದು," ಎಂದ ಹೆಮ್ಮೆಯಿಂದ.

ಸೊರಾನಾ ಲೇಪ ಪರೀಕ್ಷಿಸುವ ಮೀಟರ್ ತೆಗೆದು ಒಂದೊಂದಕ್ಕೇ ಹಿಡಿದಳು. ಬೋರ್ಡಿಗೆ ಸ್ಥಿರವಿದ್ಯುತ್ತಿನ ಕಿಡಿ ತಾಗದಿರಲೆಂದು ಟ್ರೇಗೆ ಬಳಿದಿದ್ದ ಲೇಪ ಸೋಪಿನ ನೀರಿನೊಂದಿಗೆ ಹೋಗಿತ್ತು. ಒಂದೂ ಪಾಸಾಗಲಿಲ್ಲ.

"ಮಣ್ಣಾದ್ರೆ ಕೊಡವ್ಬೋದಿತ್ತು. ನೀವು ನನ್ನ ಕೆಲಸಾನೇ ತೊಳ್ದು ಹಾಕಿದ್ರಿ."

ಅವನೂ ಕೆರಳಿದ. "ತೊಳೀಬೇಡಿ ಅಂತ ಒಂದು ಮಾತು ಹೇಳಿದ್ರಾ? ದಿನಾ ಬೈದಿದ್ದೊಂದೇ. ನಾಳೆ ನಾನೇ ಬಂದು ನಿಮ್ಮ ಮ್ಯಾನೇಜರ್‌ಗೆ ತಪ್ಪು ನಂದು ಅಂತ ಹೇಳ್ತೀನಿ."

"ನಿಮಗ್ಯಾಕೆ ಆ ಉಸಾಬರಿ?"

"ಟ್ರೇ ನಿಂತೋದ್ರೆ ನೀವು ನಂಗೆ ಫೋನ್ ಯಾಕೆ ಮಾಡ್ತೀರಿ?" ಅವನ ಕಿವಿ ಕೆಂಪಾಗಿತ್ತು, ದನಿಯ ಸಿಟ್ಟು ಮಾತ್ರ ಇಳಿದಿರಲಿಲ್ಲ. "ನೀವು ಬೈಯದ ದಿನ ನಂಗೆ ಊಟ ಸೇರಲ್ಲ."

ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವನನ್ನು ಬಿಟ್ಟು ಅವನ ಬೆನ್ನ ಹಿಂದೆ ನೋಡಿದಳು. ಅಲ್ಲಿ ತಗಡಿನ ಮುಚ್ಚಳಗಳಿಗೆ ಸ್ಪಂಜು ಸುತ್ತಿ ಲಾರಿಗೆ ಏರಿಸುತ್ತಿದ್ದರು. ಬೋರ್ಡಿನ ಮೇಲೆ ಕೂರಿಸಲು ಅವಳ ಕಾರ್ಖಾನೆಗೇ ಹೋಗುವ ಮುಚ್ಚಳಗಳು. ತಗಡಿಗೆ ಯಾವ ಕಿಡಿಯ ಭಯ? ಲೇಪ ಹೋದ ಟ್ರೇಯೇ ಸಾಕಿತ್ತು.

ಬೋರ್ಡು ತರುವ ತಮ್ಮ ಲಾರಿ ದಿನಾ ಇಲ್ಲಿಂದ ಖಾಲಿ ಮರಳುವಾಗ ಇದಕ್ಕೆ ಬೇರೆ ಲಾರಿ ಯಾಕೆಂದು ಅವನನ್ನು ಮತ್ತೆ ತರಾಟೆಗೆ ತೆಗೆದುಕೊಂಡಳು. ಇಬ್ಬರೂ ಸೇರಿ ಸ್ಪಂಜು ಕಿತ್ತರು. ಮುಚ್ಚಳಗಳು ಟ್ರೇಯ ಗುಳಿಗಳಲ್ಲಿ ಅಳತೆಗೆ ಸರಿಯಾಗಿ ಕೂತವು. ಸೋಪಿಗೆ ಒಡೆದ ಅವನ ಬೆರಳುಗಳನ್ನು ಅವಳು ನೋಡಿಯೂ ನೋಡದವಳಂತೆ ಇದ್ದಳು.

ಮರುದಿನ ಒಂದು ಲಾರಿಯ ಖರ್ಚೇ ಉಳಿದದ್ದು ಕಂಡು ಟ್ರೇಗಳು ಇರಲೆಂದು ಮ್ಯಾನೇಜರ್ ಒಪ್ಪಿದ. ಬೋರ್ಡುಗಳಿಗೆ ತೊಳೆದರೂ ಕೆಡದ ಟ್ರೇ ತರಿಸಲೂ ಹೂಂ ಅಂದ. ಸೊರಾನಾ ಒಕ್ತಾವ್‌ಗೆ ಫೋನ್ ಮಾಡಿದಳು.

"ಒಂದು ಟ್ರೇ ಕಮ್ಮಿ ಇದೆ."

"ನನ್ನ ಕಿಟಕೀಲಿದೆ. ಅದ್ರಲ್ಲಿರೋ ಸಸಿ ಕೀಳೋಕೆ ಮನಸ್ಸು ಬರ್ಲಿಲ್ಲ."

"ಭಾನುವಾರ ಬಂದು ಇಸ್ಕೊಂಡು ಹೋಗ್ತೀನಿ. ಮನೇಲಿರು. ತೊಳ್ದಿಟ್ರೆ ಮಾತ್ರ ಕೊಂದ್ಹಾಕ್ತೀನಿ."