ಆ ಮೂರು ದಿನ ನಾನೆಲ್ಲಿ ಕೂತಿರಲಿ

ಆದಿಲಕ್ಷ್ಮಿಗೆ ಮೊದಲ ದಿನವೇ ಮುಕುಂದನ ಮೇಲೆ ಸಿಟ್ಟು ಬಂದಿತ್ತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ತಿಳಿಹೇಳುವ ‘ಸಂಗಾತಿ’ ಜಾಲವನ್ನು ಅವಳು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದಳು. ಶಾಲೆಗೆ ಹೋಗಿ ಮಾತಾಡುವುದು, ಬಟ್ಟೆಯನ್ನು ಕದ್ದುಮುಚ್ಚಿ ಮೂಲೆಯಲ್ಲಲ್ಲ, ಬಿಸಿಲಲ್ಲಿ ಒಣಹಾಕಿ ಎಂದು ಹೇಳುವುದು, ಬೀಗ ಜಡಿದ ಶೌಚಾಲಯದ ಕೀಲಿಗಾಗಿ ಹೆಡ್‌ಮಾಸ್ಟರ ಹತ್ತಿರ ಜಗಳಕ್ಕೆ ನಿಲ್ಲುವುದು, ಎಲ್ಲ ಅವಳ ತಲೆಮೇಲೇ. ಜಾಲಕ್ಕೆ ನೆರವು ಕೊಡುತ್ತಿದ್ದ ಬೆಂಗಳೂರಿನ ಸಂಸ್ಥೆ 2004ರ ಮಾರ್ಚಿನಲ್ಲಿ, ಇದರಿಂದ ಏನಾದರೂ ಆಗಿದೆಯಾ ನೋಡಿಕೊಂಡು ಬಾ ಎಂದು ಒಬ್ಬನನ್ನು ಕಳಿಸಿತು. ಬಂದವನು ಗಂಡಸು. ಅದಾದರೂ ಹೋಗಲಿ ಅಂದರೆ, ಅವನ ಬಾಯಲ್ಲಿ ಆ ಪದವೇ ಹೊರಡುತ್ತಿರಲಿಲ್ಲ.

“ಹುಡುಗೀರು ಆ ವಿಷಯ ಬಂದಾಗ ಸ್ಕೂಲಿಗೆ ಬರ್ತಾರಾ ಮೇಡಂ?”

“ಯಾವ ವಿಷಯ ಸಾರ್?”

“ಅದೇ. ತಿಂಗಳದ್ದು.”

“ತಿಂಗಳದ್ದು ಅಂದ್ರೆ ಸಂಬಳಾನಾ?”

ಮುಕುಂದನ ಕಿವಿಯ ತುದಿ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಆದಿಲಕ್ಷ್ಮಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೆಸರು ಹೇಳೋಕೇ ನಾಚಿಕೊಳ್ಳುವವನು ಇದನ್ನು ಅಳೆದು ತೂಗಿ ಪಾಸು ಫೇಲು ಹೇಳುತ್ತಾನಂತೆ, ಇವನ ಒಂದು ಮಾತಿನ ಮೇಲೆ ಜಾಲ ಉಳಿಯುತ್ತದೋ ಮುಚ್ಚುತ್ತದೋ ಗೊತ್ತಾಗುತ್ತದಂತೆ. ಅವಳ ಮೈ ಉರಿದುಹೋಯಿತು.

ಆಮೇಲೆ ಇಬ್ಬರೂ ಆಫೀಸಿನ ಹಳೇ ಜೀಪಿನಲ್ಲಿ ಊರೂರು ಸುತ್ತಿದರು. ಜೀಪು ಓಡಿಸುತ್ತಿದ್ದವನು ಅವನೇ. ಲಕ್ಕೂರಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಹೆಂಗಸರು, ಪಾಳಿ ನಡುವೆ ಎದ್ದು ಹೋಗಲು ಸೂಪರ್‌ವೈಸರನ್ನು ಕೇಳಬೇಕಾದ ಅವಮಾನವನ್ನು ಹೇಳಿಕೊಂಡರು. ಗಂಡಸಿನ ಮುಂದೆ ಅವರು ಬಾಯಿ ಬಿಡುವುದಿಲ್ಲವೆಂದು ಆದಿಲಕ್ಷ್ಮಿ ಅವನನ್ನು ದೂರದ ಹೊಂಗೆ ಮರದ ಕೆಳಗೆ ಕೂರಿಸಿದ್ದಳು. ಬಿಸಿಲು ಸರಿದ ಹಾಗೆ ನೆರಳೂ ಸರಿದುಹೋಗಿತ್ತು. ಇವನು ಮಾತ್ರ ಕೂರಿಸಿದ ಜಾಗದಲ್ಲೇ ಬೆವರು ಸುರಿಸುತ್ತಾ ಕೂತಿದ್ದ. ವಾಪಸು ಹೊರಟಾಗ ಜೀಪಿನಲ್ಲಿ, ಯಾಕೆ ನೆರಳಿಗೆ ಸರಿಯಲಿಲ್ಲ ಎಂದು ಕೇಳಿದರೆ, ಅಲ್ಲಿಂದ ಮಾತು ಕೇಳಿಸುತ್ತಿತ್ತು, ಕೇಳಿಸಿಕೊಂಡರೆ ನಿಮಗೆ ಮೋಸ ಮಾಡಿದ ಹಾಗೆ ಆಗುತ್ತಿತ್ತು ಎಂದ.

ಅಂದು ಮೊದಲ ಸಲ ಅವಳು ಅವನ ಮುಖವನ್ನು ಸರಿಯಾಗಿ ನೋಡಿದಳು. ಅವನೂ ನೋಡಿದ. ಗೇರ್ ಹಾಕುವುದು ಮರೆತು ಜೀಪು ನಿಂತುಹೋಯಿತು.

ಯಲ್ದೂರಿನಲ್ಲಿ ಅವಳ ಮನೆಯಿತ್ತು. ಅಪ್ಪನ ಮಾವಿನ ತೋಪಿನಲ್ಲಿ ಆಗಷ್ಟೇ ಕಾಯಿ ಕಚ್ಚಿತ್ತು. ಅಮ್ಮ ತೋತಾಪುರಿ ಕಾಯನ್ನು ಹೆಚ್ಚಿ ಉಪ್ಪು ಖಾರ ಹಚ್ಚಿ ಕೊಟ್ಟಳು. ಮುಕುಂದ ಒಂದು ಹೋಳು ಬಾಯಿಗೆ ಹಾಕಿಕೊಂಡು ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದ. ಆ ಮುಚ್ಚಿದ ಕಣ್ಣಿನ ಮೂಲೆಯಲ್ಲಿ ಸಣ್ಣ ಹನಿಯೊಂದು ನಿಂತಿತು. ಇನ್ನೊಂದು ಕಣ್ಣು ಅವಳನ್ನೇ ನೋಡುತ್ತಿತ್ತು.

“ಹುಳಿ ಆಯ್ತಾ ಸಾರ್?”

“ಇಲ್ಲ ಇಲ್ಲ. ಚೆನ್ನಾಗಿದೆ.”

“ಸುಳ್ಳು ಹೇಳೋಕೂ ನಿಮಗೆ ಬರಲ್ಲ.”

ಹಾಗೆ ಅಂದುಕೊಂಡಿದ್ದು ತಪ್ಪು ಎಂದು ಮಾರನೇ ದಿನವೇ ಗೊತ್ತಾಯಿತು.

ಅವತ್ತು ಹತ್ತನೇ ತರಗತಿಯ ಗಣಿತದ ಪಬ್ಲಿಕ್ ಪರೀಕ್ಷೆ. ಬೆಳಗ್ಗೆ ಇಬ್ಬರೂ ಕುರುಡುಮಲೆ ದಾಟಿ ಒಳಗಿನ ಒಂದು ಸಣ್ಣ ಹಳ್ಳಿಗೆ ಹೋಗಿದ್ದರು. ಊರಾಚೆಯ ಹುಣಸೆಮರದ ಹತ್ತಿರ ಮೋಟು ಗೋಡೆಯ ಒಂದು ಗುಡಿಸಲು. ಅದರೊಳಗೆ ಯೂನಿಫಾರಂ ಹಾಕಿಕೊಂಡು, ಹಾಲ್ ಟಿಕೆಟ್ ಹಿಡಿದುಕೊಂಡು ಒಬ್ಬ ಹುಡುಗಿ ಕೂತಿದ್ದಳು. ಶ್ವೇತ. ಸಂಗಾತಿಯ ಸಭೆಗಳಲ್ಲಿ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ಬೆಳಗ್ಗೆ ಎದ್ದಾಗ ಮುಟ್ಟಾಗಿದ್ದಳು. ಬಸ್ಸು ನಿಲ್ಲುವುದು ಊರ ಮಧ್ಯದ ಗುಡಿಯ ಮುಂದೆ. ಆ ದಾರಿಯಲ್ಲಿ ಹೋಗಕೂಡದು ಎಂದು ಅಜ್ಜಿ ಗುಂಡಮ್ಮ ಅವಳನ್ನು ತಂದು ಇಲ್ಲಿ ಕೂರಿಸಿ, ಬಾಗಿಲಿಗೆ ಅಡ್ಡವಾಗಿ ತಾನೂ ಕೂತಿದ್ದಳು. ಅಜ್ಜಿ ಕೆಟ್ಟವಳೇನಲ್ಲ. ಮೊಮ್ಮಗಳಿಗಿಂತ ಹೆಚ್ಚು ಅವಳೇ ಅಳುತ್ತಿದ್ದಳು. “ವದ್ದು ತಲ್ಲಿ, ಬೇಡಮ್ಮ, ಊರಿಗೆ ಏನಾದ್ರೂ ಆದ್ರೆ ನಮ್ಮನ್ನೇ ಅಂತಾರೆ” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಆದಿಲಕ್ಷ್ಮಿಯ ಕೈ ಹಿಡಿದುಕೊಂಡಳು.

ಆದಿಲಕ್ಷ್ಮಿ ಮುಕುಂದನ ಕಡೆ ತಿರುಗಿ ಜೀಪು ತೆಗೆಯಲು ಹೇಳಿದಳು. ಅವನು ಕದಲಲಿಲ್ಲ. ತಾನು ಬಂದಿರುವುದು ನೋಡುವುದಕ್ಕೆ ಮಾತ್ರ, ಮಧ್ಯೆ ಕೈ ಹಾಕಿದರೆ ನಿಯಮ ತಪ್ಪುತ್ತದೆ ಎಂದು ನೆಲ ನೋಡುತ್ತಾ ಹೇಳಿದ.

“ಹಂಗಾದ್ರೆ ನೋಡಿ ಸಾರ್,” ಅಂದಳು ಅವಳು. “ಹತ್ತು ವರ್ಷ ಓದಿದ ಹುಡುಗಿ ರಕ್ತ ಬಂತು ಅಂತ ಪರೀಕ್ಷೆ ಬಿಟ್ಟು ಗುಡಿಸಲಲ್ಲಿ ಕೂತಿದ್ದಾಳೆ. ಚೆನ್ನಾಗಿ ನೋಡ್ಕೊಳ್ಳಿ.”

ಅವಳು ಶ್ವೇತಳ ಕೈ ಹಿಡಿದು ಎಬ್ಬಿಸಿದಳು. ಗುಂಡಮ್ಮ ಅಡ್ಡ ಬರಲಿಲ್ಲ, ಮುಖ ಮುಚ್ಚಿಕೊಂಡಳು. ಇಬ್ಬರೂ ಊರ ನಡುಬೀದಿಯಲ್ಲೇ ನಡೆದರು. ಗುಡಿಯ ಮುಂದೆ ಹಿರಿಯ ಚನ್ನರಾಯಪ್ಪ ಟವೆಲ್ ಕೊಡವಿಕೊಂಡು ಎದ್ದು ನಿಂತ. ಆದಿಲಕ್ಷ್ಮಿ ಬಾಯಿ ತೆರೆಯುವ ಮುಂಚೆ ಶ್ವೇತಳೇ ಮಾತಾಡಿದಳು. ಹಾಲ್ ಟಿಕೆಟನ್ನು ಎದೆಗೆ ಒತ್ತಿ ಹಿಡಿದಿದ್ದಳು.

“ತಾತ, ಲೆಕ್ಕದ ಪರೀಕ್ಷೆ ಐತೆ. ದಾರಿ ಬಿಡಿ.”

ಚನ್ನರಾಯಪ್ಪ ಬಿಡುತ್ತಿದ್ದನೋ ಇಲ್ಲವೋ. ಅಷ್ಟರಲ್ಲಿ ಹಿಂದಿನಿಂದ ಜೀಪು ಬಂದು ಅವನ ಮುಂದೆಯೇ ನಿಂತಿತು. ಮುಕುಂದ ಬಾಗಿಲು ತೆರೆದ.

ಮುಳಬಾಗಿಲಿನ ಪರೀಕ್ಷಾ ಕೇಂದ್ರ ಸೇರುವಾಗ ಗಂಟೆ ಹೊಡೆದಾಗಿತ್ತು. ಗೇಟಿನಲ್ಲಿದ್ದ ಮೇಲ್ವಿಚಾರಕರು ಯಾಕೆ ಲೇಟು ಎಂದು ಗದರಿದರು. ಆದಿಲಕ್ಷ್ಮಿ ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ಮುಕುಂದ, ದಾರಿಯಲ್ಲಿ ಜೀಪು ಪಂಕ್ಚರ್ ಆಯ್ತು ಸಾರ್ ಎಂದ. ಒಂದು ಚೂರೂ ತೊದಲಲಿಲ್ಲ. ಹುಡುಗಿಯನ್ನು ಒಳಗೆ ಬಿಟ್ಟರು.

ಆದಿಲಕ್ಷ್ಮಿಗೆ ಸಮಾಧಾನವಾಗಬೇಕಿತ್ತು. ಅವಳಿಗೆ ಕಣ್ಣು ಕತ್ತಲೆ ಬರುವಷ್ಟು ಕೋಪ ಬಂತು.

“ಪಂಕ್ಚರ್ ಆಯ್ತಾ?”

“ಒಳಗೆ ಬಿಟ್ಟರಲ್ಲ ಮೇಡಂ.”

“ಬಿಟ್ಟರು. ಊರವರು ಮಾಡಿದ ತಪ್ಪು ಜೀಪಿನ ಟೈರ್ ಮೇಲೆ ಹೋಯ್ತು. ಇನ್ನು ಇದು ಎಲ್ಲೂ ನಡೆದೇ ಇಲ್ಲ. ಅವಳು ಬೀದೀಲಿ ನಿಂತು ದಾರಿ ಕೇಳಿದಳು. ನಿಮಗೆ ಗೇಟಲ್ಲಿ ನಿಂತು ಕಾರಣ ಹೇಳೋಕಾಗಲಿಲ್ಲ.”

ಹುಡುಗಿಯ ವಿಷಯವನ್ನು ಅಷ್ಟು ಜನರ ಮುಂದೆ ಹೇಳಲು ತನಗೇನು ಹಕ್ಕು ಎಂದು ಅವನು ಕೇಳಿದ. ಅದೂ ನಿಜವೇ ಅನಿಸಿ ಅವಳ ಕೋಪ ಇನ್ನೂ ಹೆಚ್ಚಾಯಿತು. ಜೀಪು ಹತ್ತದೆ ಬಸ್ಸು ಹಿಡಿದು ಯಲ್ದೂರಿಗೆ ಹೋದಳು. ಕಿಟಕಿ ಪಕ್ಕ ಕೂತು ಅವನನ್ನು ಬೈದುಕೊಳ್ಳುತ್ತಾ ಹೋದವಳಿಗೆ, ಆ ಬೈಗುಳದ ನಡುವೆ ಒಂದು ಕಣ್ಣು ಮುಚ್ಚಿದ ಅವನ ಮುಖವೇ ಬಂದು ಬಂದು ನಿಲ್ಲುತ್ತಿತ್ತು. ಅದಕ್ಕೂ ಅವನನ್ನೇ ಬೈದಳು.

ತಿಂಗಳಾದ ಮೇಲೆ ಕೋಲಾರದಲ್ಲಿ ಸಭೆ. ಬೆಂಗಳೂರಿನಿಂದ ಸಂಸ್ಥೆಯ ಹಿರಿಯರು ಬಂದಿದ್ದರು. ನಾಲ್ಕು ತಾಲ್ಲೂಕಿನ ಕಾರ್ಯಕರ್ತೆಯರು ಗೋಡೆಗೆ ಒರಗಿ ಕೂತಿದ್ದರು. ಮುಕುಂದ ಎದ್ದು ನಿಂತು ಕನ್ನಡಕ ಮುಟ್ಟಿಕೊಳ್ಳದೆ ಮಾತಾಡಿದ.

ಈ ಜಾಲ ಮುಟ್ಟಿನ ಬಗ್ಗೆ ಹುಡುಗಿಯರಿಗೆ ಬಾಯಿ ಕೊಟ್ಟಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದ. ಆದರೆ ಇಷ್ಟು ವರ್ಷದಲ್ಲಿ ಒಬ್ಬ ಗಂಡಸನ್ನೂ ಕೂರಿಸಿಕೊಂಡು ಮಾತಾಡಿಲ್ಲ, ಅದು ಇದರ ದೊಡ್ಡ ಕೊರತೆ ಎಂದ. “ಗುಡಿಸಲು ಕಟ್ಟಿದವರು ಗಂಡಸರು. ಶೌಚಾಲಯದ ಕೀಲಿ ಇಟ್ಟುಕೊಂಡಿರೋರೂ ಗಂಡಸರೇ. ನನಗೇ ಮುಟ್ಟು ಅನ್ನೋಕೆ ಮೂವತ್ತು ವರ್ಷ ಬೇಕಾಯ್ತು. ಜಾಲ ಮುಂದುವರೀಲಿ, ನಮ್ಮಂಥವರ ಹತ್ತಿರಾನೂ ಬರಲಿ.”

ಹಿರಿಯರಲ್ಲಿ ಒಬ್ಬರು ಮುಸಿಮುಸಿ ನಕ್ಕರು. ಮುಕುಂದ ಅವರ ನಗು ನಿಲ್ಲುವವರೆಗೂ ಅವರನ್ನೇ ನೋಡುತ್ತಾ ನಿಂತ. ಜಾಲಕ್ಕೆ ಇನ್ನೂ ಮೂರು ವರ್ಷ ನೆರವು ಸಿಕ್ಕಿತು. ಆದಿಲಕ್ಷ್ಮಿಗೆ ಕೊರತೆ ಅಂದಿದ್ದಕ್ಕೆ ಚುರುಕ್ ಅಂತು. ಆ ಮಾತು ಸರಿ ಇದೆಯಲ್ಲ ಎಂದು ಇನ್ನೂ ಹೆಚ್ಚು ಚುರುಕ್ ಅಂತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಮೆಟ್ಟಿಲ ಹತ್ತಿರ ಅವನು ಅವಳಿಗಾಗಿ ನಿಂತಿದ್ದ. ಇನ್ನು ತಾನು ಅಳೆಯುವವನಲ್ಲ, ಅದಕ್ಕೇ ಇವತ್ತಿನವರೆಗೆ ಕಾದೆ ಎಂದ. ಆಮೇಲೆ ಮೇಡಂ ಎನ್ನದೆ ಹೆಸರು ಹಿಡಿದು ಕರೆದ.

“ಆದಿಲಕ್ಷ್ಮಿ, ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ ನಂಗೆ. ನಿಮ್ಮ ಬೈಗುಳ ಕೇಳದೆ ಈ ತಿಂಗಳು ಊಟಾನೇ ಸೇರಲಿಲ್ಲ.”

ಎದೆಯೊಳಗೆ ಏನೋ ಹೌದು ಅಂದುಬಿಟ್ಟಿತ್ತು. ಆದರೆ ಮುಕುಂದ ಮುಳಬಾಗಿಲಿನ ಪೂಜೆ ಪುನಸ್ಕಾರದ ಮನೆಯವನು, ಅವನ ತಂದೆ ನಾರಾಯಣ ಜೋಯಿಸರು ದೊಡ್ಡ ಮಡಿವಂತರು ಎಂದು ಅವಳಿಗೆ ಗೊತ್ತಿತ್ತು. ಜಾತಿಯ ಮಾತು ಅವಳು ಎತ್ತಲಿಲ್ಲ. ಕೇಳಿದ್ದು ಒಂದೇ.

“ನಿಮ್ಮ ಮನೇಲಿ ಆ ಮೂರು ದಿನ ನಾನೆಲ್ಲಿ ಕೂತಿರಲಿ?”

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಈ ಸಲ ಸುಳ್ಳು ಹೇಳಲಿಲ್ಲ.

“ಹಿತ್ತಿಲ ಕಡೆ ಒಂದು ಕೋಣೆ ಇದೆ. ಅಮ್ಮ ಅಲ್ಲೇ ಕೂರ್ತಿದ್ರು. ಅಕ್ಕನೂ.”

“ನೀವು ಊಟ ಮಾಡುವಾಗ ಆ ಕೋಣೆ ನಿಮಗೆ ಕಾಣ್ತಿತ್ತಾ?”

“ಕಾಣ್ತಿತ್ತು.”

“ಹೋಗಿ ಬನ್ನಿ ಸಾರ್,” ಅಂದಳು ಆದಿಲಕ್ಷ್ಮಿ. ದನಿ ಗಟ್ಟಿಯಾಗಿಯೇ ಇತ್ತು. ಅವನು ಮೆಟ್ಟಿಲಿಳಿದು ಗೇಟು ದಾಟುವವರೆಗೂ ಗಟ್ಟಿಯಾಗಿಯೇ ನಿಂತಿದ್ದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮಾವು ಹಣ್ಣಾಗಿ, ತೋಪಿಗೆ ಲಾರಿ ಬಂದು ಹೋಗುವ ಕಾಲ. ಒಂದು ಮಧ್ಯಾಹ್ನ ಯಲ್ದೂರಿನ ಮನೆ ಮುಂದೆ ಆಟೋ ನಿಂತಿತು. ಅದರಿಂದ ಇಳಿದವರು ಕಚ್ಚೆ ಸೀರೆಯ ಹಿರಿಯ ಹೆಂಗಸು. ಅವರ ಹಿಂದೆ ಮುಕುಂದ, ಗಡ್ಡ ಬಿಟ್ಟಿದ್ದ, ಸೊರಗಿದ್ದ. ಹೆಂಗಸು ತಾನು ವೆಂಕಟರತ್ನಮ್ಮ, ಇವನ ತಾಯಿ ಎಂದು ಹೇಳಿಕೊಂಡು ಜಗಲಿ ಮೇಲೆ ಕೂತರು. ಆದಿಲಕ್ಷ್ಮಿ ತಂದ ನೀರನ್ನು ಎತ್ತಿ ಕುಡಿದರು.

“ನಿನ್ನಿಂದ ನಮ್ಮ ಮನೇಲಿ ಏನಾಯ್ತು ಗೊತ್ತೇನಮ್ಮ?” ಎಂದರು. ಬೈಯಲು ಬಂದಿದ್ದಾರೆ ಎಂದುಕೊಂಡ ಆದಿಲಕ್ಷ್ಮಿ ತಯಾರಾಗಿ ನಿಂತಳು.

ಕೋಲಾರದಿಂದ ಬಂದವನೇ ಮಗ ಹಿತ್ತಿಲ ಕೋಣೆಗೆ ಹೋಗಿ ಚಾಪೆ ಹಾಸಿಕೊಂಡನಂತೆ. ಊಟ ಅಲ್ಲಿಗೇ ಎಸೆದ ಹಾಗೆ ಇಡಿ, ಅಮ್ಮನಿಗೆ ಇಡುತ್ತಿದ್ದಿರಲ್ಲ ಹಾಗೆ ಅಂದನಂತೆ. ಆದಿಲಕ್ಷ್ಮಿ ಇಲ್ಲಿ ಕೂರುವುದಿಲ್ಲ ಎಂದು ಅಪ್ಪ ಹೇಳುವವರೆಗೂ ತಾನೇ ಕೂರುತ್ತೇನೆ ಎಂದು ಹಟ ಹಿಡಿದನಂತೆ. ಜೋಯಿಸರು ಕೂಗಾಡಿದರು, ಬಂಧುಗಳು ಓಡಿ ಬಂದರು, ಗಂಡುಮಗ ಕತ್ತಲ ಕೋಣೆಯಲ್ಲಿ ಕೂತಿದ್ದಾನಲ್ಲ ಎಂದು ಬೀದಿಯೆಲ್ಲ ಅಯ್ಯೋ ಅಂದಿತು.

ವೆಂಕಟರತ್ನಮ್ಮ ಲೋಟ ಕೆಳಗಿಟ್ಟರು.

“ಅವನು ಒಂದು ವಾರ ಕೂತಿದ್ದಕ್ಕೆ ಇಡೀ ಮನೆ ಅಲ್ಲಾಡಿಹೋಯ್ತು ಕಣಮ್ಮ. ನಾನು ಆ ಕೋಣೇಲಿ ಮೂವತ್ತೈದು ವರ್ಷ ಕೂತೆ. ಜ್ವರ ಬಂದಾಗ್ಲೂ ಕೂತೆ, ನನ್ನ ತಾಯಿ ಸತ್ತ ಸುದ್ದಿ ಬಂದಾಗ್ಲೂ ಅಲ್ಲೇ ಕೂತಿದ್ದೆ. ಒಬ್ಬರೂ ಅಯ್ಯೋ ಅನ್ನಲಿಲ್ಲ. ಇವನೂ ಅನ್ನಲಿಲ್ಲ.”

ಮುಕುಂದ ತಲೆ ಎತ್ತಲಿಲ್ಲ. ಆದಿಲಕ್ಷ್ಮಿ ಅವರ ಕಾಲ ಬಳಿ ಕೂತು ಲೋಟ ಇಟ್ಟ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವರಿಗೆ ಬಂದಿದ್ದ ಕೋಪ ಯಾವುದು ಎಂದು ಅವಳಿಗೆ ಗೊತ್ತಿತ್ತು. ತನ್ನದೇ ಕೋಪ ಅದು, ವಯಸ್ಸು ಮಾತ್ರ ಹೆಚ್ಚು.

“ಆಮೇಲೆ ಜೋಯಿಸರು ಏನಂದ್ರಮ್ಮ?” ಮೆಲ್ಲಗೆ ಕೇಳಿದಳು.

“ಅವರು ಏನೂ ಅನ್ನಲಿಲ್ಲ. ಅವರು ಅನ್ನಲಿ ಅಂತ ಕಾಯೋಕೆ ನಂಗೆ ವಯಸ್ಸಿಲ್ಲ. ಇವನನ್ನ ಎಬ್ಬಿಸಿ ಹೊರಗೆ ಕಳಿಸಿ, ಕೋಣೆ ತುಂಬ ಈ ವರ್ಷದ ಹುಣಸೆಹಣ್ಣು ತುಂಬಿಸಿ ಬಂದಿದ್ದೀನಿ. ಬೆಕ್ಕು ಕೂರೋಕೂ ಜಾಗ ಇಲ್ಲ ಅಲ್ಲಿ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹಸಿವಾದಾಗ ಆಡ್ತಾರೆ ಬಿಡು.” ಅವರು ಅವಳ ಗಲ್ಲ ಹಿಡಿದು ಮುಖ ತಮ್ಮ ಕಡೆ ತಿರುಗಿಸಿಕೊಂಡರು. “ನೀನು ಬರ್ತೀಯೇನಮ್ಮ ನಮ್ಮನೆಗೆ?”

ಆದಿಲಕ್ಷ್ಮಿ ಮುಕುಂದನ ಕಡೆ ನೋಡಿದಳು. ಅವನು ಪರೀಕ್ಷೆ ಬರೆದು ಹೊರಗೆ ನಿಂತವನ ಹಾಗೆ ಕಂಬ ಹಿಡಿದು ನಿಂತಿದ್ದ.

“ಬರ್ತೀನಿ,” ಅಂದಳು ಆದಿಲಕ್ಷ್ಮಿ. “ನಿಮಗೋಸ್ಕರ ಬರ್ತೀನಿ ಅಮ್ಮ. ಇವರು ಮೊದಲು ಹೋಗಿ ಗಡ್ಡ ತೆಗೆಸಿಕೊಂಡು ಬರಲಿ.”